ಓಣಿಯ ಕಡೆಯ ಕಿಟಕಿ

ಮಗ್ಗದ ಶೆಡ್ಡಿನ ಕಿಟಕಿಗಳನ್ನು ತೆರೆದಿಡಿ ಎಂದು ಕೇಳಲು ನಿಶ್ಚಯಿಸಿದ್ದ ಏಳು ಜನರನ್ನು, ಅವರು ಕೇಳುವ ಮೊದಲೇ ಗಿರಣಿಯವರು ಕೆಲಸದಿಂದ ತೆಗೆದುಹಾಕಿದರು. ಸೋಮವಾರ ಬೆಳಗಿನ ಪಾಳಿಗೆ ಹೋದವರನ್ನು ಗೇಟಿನ ಕಾವಲುಗಾರ ಹೆಸರು ಹಿಡಿದು ಕರೆದು ಪಕ್ಕಕ್ಕೆ ನಿಲ್ಲಿಸಿದ. ಅವರಿದ್ದ ಓಣಿಯ ಮನೆಗಳೆಲ್ಲ ಗಿರಣಿಯವು. ತಿಂಗಳು ಮುಗಿಯುವುದರೊಳಗೆ ಅವನ್ನೂ ಖಾಲಿ ಮಾಡಬೇಕೆಂದು ತಿಳಿಸಿದ.

ಆ ಏಳು ಜನರಲ್ಲಿ ದೊಡ್ಡಕ್ಕನ ತಂಗಿ ಇದ್ದಳು. ದೊಡ್ಡಕ್ಕ ಇರಲಿಲ್ಲ.

ಓಣಿಯ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡದ್ದು ಈ ಎರಡನೆಯ ಸಂಗತಿ. ಯಾಕೆಂದರೆ ಕಿಟಕಿಯ ಮಾತು ಎತ್ತಿದವಳೇ ಅವಳು. ನೂಲು ಒಣಗಿ ತುಂಡಾಗಬಾರದೆಂದು ಗಿರಣಿಯವರು ಶೆಡ್ಡಿನ ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿ ಒಳಗೆ ಹಬೆ ಬಿಡಿಸುತ್ತಿದ್ದರು. ನೂಲು ಸುಖವಾಗಿತ್ತು. ನೇಯುವವರ ಎದೆಗೂಡು ಮಾತ್ರ ಹತ್ತಿಯ ಧೂಳು ತುಂಬಿದ ಚೀಲವಾಗಿತ್ತು. "ನೂಲಿಗೆ ಇಷ್ಟು ಉಪಚಾರ ಮಾಡ್ತಾರಲ್ಲ, ನಾವೂ ನೂಲಾಗಿ ಹುಟ್ಟಬೇಕಿತ್ತು ಕಣ್ರೇ" ಎಂದು ನಲ್ಲಿಯ ಹತ್ತಿರ ಮೊದಲು ಹೇಳಿದವಳು ದೊಡ್ಡಕ್ಕ. "ಸೋಮವಾರ ಊಟದ ಬಿಡುವಾದ ಮೇಲೆ ಯಾರೂ ಮಗ್ಗ ಶುರು ಮಾಡೋದು ಬೇಡ. ಮೊದಲು ಕಿಟಕಿ ತೆಗೀಲಿ" ಎಂದವಳೂ ಅವಳೇ. ಉಳಿದವರು ಹೂಂ ಅಂದಿದ್ದರು. ಹೂಂ ಅಂದವರ ಕೆಲಸ ಹೋಯಿತು, ಹೇಳಿದವಳ ಕೆಲಸ ಉಳಿಯಿತು.

ಓಣಿಯಲ್ಲಿ ಅವಳಿಗಿಂತ ವಯಸ್ಸಾದವರಿದ್ದರೂ ಎಲ್ಲರಿಗೂ ಅವಳು ದೊಡ್ಡಕ್ಕ. ಹೊಸದಾಗಿ ಸೇರಿದವರಿಗೆ ಲಾಳಿ ಹಿಡಿಯುವುದನ್ನು ಹೇಳಿಕೊಡುತ್ತಿದ್ದವಳು ಅವಳು, ತುಟಿಮಾತು ಕಲಿಸುತ್ತಿದ್ದವಳೂ ಅವಳು.

ಈ ತುಟಿಮಾತಿನ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಪಕ್ಕದವಳು ಕಿವಿಯ ಬಳಿ ಬಂದು ಕಿರುಚಿದರೂ ಕೇಳಿಸದು. ಹಾಗಾಗಿ ನೇಕಾರರು ಧ್ವನಿಯ ಗೊಡವೆಯನ್ನೇ ಬಿಟ್ಟಿದ್ದರು. ತುಟಿಯನ್ನು ಅಗಲಿಸಿ, ದುಂಡಗೆ ಮಾಡಿ, ಹಲ್ಲು ತೋರಿಸಿ, ಮಾತನ್ನು ಬಿಡಿಬಿಡಿಯಾಗಿ ಗಾಳಿಯಲ್ಲಿ ಇಡುತ್ತಿದ್ದರು. ಆಚೆ ಸಾಲಿನವರು ಅದನ್ನು ಕಣ್ಣಿನಿಂದ ಎತ್ತಿಕೊಳ್ಳುತ್ತಿದ್ದರು. ಜಗಳ, ಮದುವೆಯ ಮಾತುಕತೆ, ಮೇಸ್ತ್ರಿಯ ಹೊಟ್ಟೆಯ ಮೇಲಿನ ತಮಾಷೆ ಎಲ್ಲವೂ ಹೀಗೇ ನಡೆಯುತ್ತಿದ್ದವು, ಆ ಹೊಟ್ಟೆಯ ಎದುರಿಗೇ. ಮನೆಗೆ ಬಂದ ಮೇಲೂ ಅಭ್ಯಾಸ ಬಿಡುತ್ತಿರಲಿಲ್ಲ. ಈ ಹೊಸ್ತಿಲಿನಿಂದ ಆ ಹೊಸ್ತಿಲಿಗೆ ಓಣಿಯುದ್ದಕ್ಕೂ ಸದ್ದಿಲ್ಲದೆ ಮಾತು ಓಡಾಡುತ್ತಿತ್ತು. ಹೊಸಬರು ಯಾರಾದರೂ ಬಂದರೆ ಇದು ಮೂಗರ ಓಣಿ ಎಂದುಕೊಂಡು ಮರುಕಪಟ್ಟು ಹೋಗುತ್ತಿದ್ದರು. ಅವರು ತಿರುಗಿದ ಮೇಲೆ ಓಣಿ ಮತ್ತೆ ಸದ್ದಿಲ್ಲದೆಯೇ ನಗುತ್ತಿತ್ತು.

ಇದರಿಂದ ಅವರಲ್ಲಿ ಒಂದು ಭದ್ರವಾದ ನಂಬಿಕೆ ಬೇರುಬಿಟ್ಟಿತ್ತು. ಸದ್ದಿಲ್ಲದ ಮಾತನ್ನು ಯಾರೂ ಕದಿಯಲಾರರು. ಮನೆಗಳ ಗೋಡೆ ತೆಳುವು. ಪಕ್ಕದಲ್ಲಿ ಯಾರ ನೆಂಟ ಬಂದು ಕೂತಿದ್ದಾನೋ ಯಾರಿಗೆ ಗೊತ್ತು. ಹಾಗಾಗಿ ಉಪ್ಪು ಹುಳಿಯ ಮಾತನ್ನು ಒಳಗೆ ಗಟ್ಟಿಯಾಗಿ ಆಡುತ್ತಿದ್ದರು. ಗುಟ್ಟಿನ ಮಾತನ್ನು ಮಾತ್ರ ಬಯಲಿಗೆ ತಂದು, ನಲ್ಲಿಯ ಕಟ್ಟೆಯ ಮೇಲೆ, ಹಾಡಹಗಲಲ್ಲಿ, ತುಟಿಯಲ್ಲಿ ಆಡುತ್ತಿದ್ದರು. ಬಯಲಿಗೆ ಕಿವಿಯೆಲ್ಲಿಯದು?

ಕಿಟಕಿಯ ಮಾತೂ ಅಲ್ಲೇ, ಹಾಗೆಯೇ ನಡೆದಿತ್ತು. ಒಂದು ಪದವೂ ಸದ್ದಾಗಿ ಹೊರಬಿದ್ದಿರಲಿಲ್ಲ. ಹಾಗಾದರೆ ಗಿರಣಿಯ ಆಫೀಸಿಗೆ ಅದನ್ನು ಹೊತ್ತುಕೊಂಡು ಹೋದವರು ನಲ್ಲಿಯ ಹತ್ತಿರ ನಿಂತಿದ್ದವರೇ ಇರಬೇಕು. ಈ ಲೆಕ್ಕವನ್ನು ಓಣಿ ಸೋಮವಾರ ಸಂಜೆಯೊಳಗೆ ಹಾಕಿ ಮುಗಿಸಿತ್ತು.

ಮಂಗಳವಾರ ದೊಡ್ಡಕ್ಕ ಕೊಡ ಹಿಡಿದು ನಲ್ಲಿಗೆ ಬಂದಾಗ ತುಟಿಗಳೆಲ್ಲ ಒಟ್ಟಿಗೆ ನಿಂತುಹೋದವು. ಗಂಜಿ ಖಾತೆಯಲ್ಲಿ ನೂಲಿಗೆ ಗಂಜಿ ಕುಡಿಸುವ ಕೆಲಸದ ಒಬ್ಬ ವಿಧವೆ ಇದ್ದಳು. ತುಟಿಮಾತಿನಲ್ಲಿ ಅವಳ ಬಾಯಿ ಎಷ್ಟು ಅಗಲವಾಗುತ್ತಿತ್ತೆಂದರೆ ಎಲ್ಲರೂ ಅವಳನ್ನು ಮೈಕು ಎನ್ನುತ್ತಿದ್ದರು. ಅವಳು ಅಂದು ಬೇಕೆಂದೇ ಧ್ವನಿ ತೆಗೆದು ಮಾತಾಡಿದಳು.

"ಬಾ ದೊಡ್ಡಕ್ಕ, ಮೊದಲು ನೀನೇ ಹಿಡ್ಕೋ. ನಮಗೇನು ಅವಸರ, ಕೆಲಸವೇ ಇಲ್ಲವಲ್ಲ."

"ನಿನ್ನ ಕೆಲಸ ಎಲ್ಲಿ ಹೋಗಿದೆ? ಗಂಜಿ ಖಾತೆಯೋರನ್ನ ಯಾರೂ ತೆಗೆದಿಲ್ಲ."

"ನಮ್ಮನ್ನ ಯಾರು ಸೇರಿಸ್ಕೊಂಡಿದ್ರು? ಮಗ್ಗದೋರ ಗುಟ್ಟು ಮಗ್ಗದೋರಿಗೇ. ಹಂಗಾಗಿ ಉಳ್ಕೊಂಡ್ವಿ. ನೀನು ಹೆಂಗೆ ಉಳ್ಕೊಂಡೆ ಅನ್ನೋದೇ ನನ್ನ ತಲೆಗೆ ಹೋಗ್ತಿಲ್ಲ ನೋಡು."

ಯಾರೋ ಕಿಸಕ್ಕೆಂದರು. ದೊಡ್ಡಕ್ಕ ಕೊಡ ತುಂಬುವವರೆಗೆ ನೀರನ್ನೇ ನೋಡುತ್ತ ನಿಂತಳು. ನಕ್ಕವಳು ತಂಗಿಯಾಗಿರದಿದ್ದರೆ ಸಾಕು ಎಂದು ಅವಳ ಮನಸ್ಸು ಹೇಳುತ್ತಿತ್ತು. ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ.

ತನ್ನನ್ನು ಯಾಕೆ ಬಿಟ್ಟರು? ಈ ಪ್ರಶ್ನೆ ಓಣಿಗಿಂತ ಹೆಚ್ಚಾಗಿ ಅವಳನ್ನೇ ಕೊರೆಯುತ್ತಿತ್ತು. ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಎಳೆದು ತಂದು ನಿಲ್ಲಿಸಿ ನೋಡಿದಳು. ಮೈಕು? ಅವಳು ನಲ್ಲಿಯ ಹತ್ತಿರ ಆ ದಿನ ಇರಲೇ ಇಲ್ಲ. ಮೂಲೆಮನೆಯ ಮುದುಕ? ಅವನ ಮಗನೇ ಏಳು ಜನರಲ್ಲೊಬ್ಬ. ಒಂದು ವಾರದಲ್ಲಿ ಅವಳು ಅನುಮಾನಿಸದ ಮನುಷ್ಯ ಓಣಿಯಲ್ಲಿ ಉಳಿಯಲಿಲ್ಲ. ಜೊತೆಗೆ ಕೆಲಸ ಮಾಡಿದವರ, ಹೆರಿಗೆಯಲ್ಲಿ ಕೈಹಿಡಿದವರ ಮುಖಗಳನ್ನೆಲ್ಲ ಕೆದಕಿ ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಮಾಲೀಕರಿಗೆ ಇದರಲ್ಲಿ ಖರ್ಚೇನೂ ಇರಲಿಲ್ಲ. ಒಂದು ಓಣಿ ತನ್ನನ್ನು ತಾನೇ ಕಾಯುತ್ತ ಕೂತರೆ ಬೇರೆ ಕಾವಲುಗಾರ ಯಾಕೆ ಬೇಕು?

ಇಷ್ಟೆಲ್ಲ ಅನುಮಾನಿಸಿದರೂ ಅವಳ ಕಣ್ಣು ಗುಡ್ಡದ ಕಡೆ ಹೋಗಿರಲಿಲ್ಲ.

ಗುಡ್ಡದ ಮೇಲಿನ ಕಾವಲು ಗೋಪುರ ಕಟ್ಟಿದ್ದು ದೊಡ್ಡಕ್ಕನ ಮಗಳು ಇನ್ನೂ ಹಾಲು ಕುಡಿಯುತ್ತಿದ್ದ ಕಾಲದಲ್ಲಿ. ಗಿರಣಿಯ ಹತ್ತಿಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಆರಿಸಲು ಹೋದ ಇಬ್ಬರು ಹಮಾಲರು ಸುಟ್ಟುಹೋಗಿದ್ದರು. ಎತ್ತರದಲ್ಲಿ ಒಂದು ಕಣ್ಣು ಇದ್ದರೆ ಹೊಗೆ ಕಾಣುತ್ತಲೇ ಗಂಟೆ ಬಾರಿಸಬಹುದು ಎಂದು ದೊಡ್ಡ ಯಜಮಾನರು ಹೇಳಿದರು. ಕಲ್ಲು ಗುಡ್ಡದ್ದೇ, ಕೈ ಓಣಿಯದು. ರಜೆಯ ದಿನಗಳಲ್ಲಿ ಇಡೀ ಓಣಿ ಸಂಬಳವಿಲ್ಲದೆ ದುಡಿಯಿತು. ದೊಡ್ಡಕ್ಕ ಕೂಸನ್ನು ಮರದ ನೆರಳಲ್ಲಿ ಮಲಗಿಸಿ ಮರಳು ಹೊತ್ತಿದ್ದಳು. ಬಾಗಿಲ ಮೇಲೆ 'ಕಾರ್ಮಿಕರ ಕ್ಷೇಮಕ್ಕಾಗಿ' ಎಂದು ಕೆತ್ತಿಸಿದರು. ನಾಲ್ಕು ದಿಕ್ಕಿಗೂ ಒಂದೊಂದು ಕಿಟಕಿ, ನಡುವೆ ಗಂಟೆ. ನಿವೃತ್ತ ಸಿಪಾಯಿಯೊಬ್ಬ ಬಹಳ ವರ್ಷ ಅಲ್ಲಿ ಕೂತು ಹೊಗೆ ಕಂಡಾಗಲೆಲ್ಲ ಕೈ ಸೋಲುವವರೆಗೆ ಗಂಟೆ ಬಾರಿಸಿದ. ಎರಡು ಸಲ ಓಣಿಯನ್ನೂ ಉಳಿಸಿದ. ಜನ ಅದನ್ನು 'ನಮ್ಮ ಗೋಪುರ' ಅನ್ನುತ್ತಿದ್ದರು.

ಹೋದ ವರ್ಷ ಸಿಪಾಯಿ ತೀರಿಕೊಂಡ. ಅಷ್ಟರಲ್ಲಿ ಗಿರಣಿಗೆ ಹೊಸ ಮ್ಯಾನೇಜರ್ ಬಂದಿದ್ದ. ಗೋಪುರಕ್ಕೆ ಆಳುದ್ದದ ದುರ್ಬೀನು ತರಿಸಿದ. ಅದರ ಹಿಂದೆ ಕೂರಿಸಲು ಹುಡುಕಿ ಹುಡುಕಿ ಆರಿಸಿದ್ದು ಒಬ್ಬ ನೇಕಾರನನ್ನು, ಕೆಮ್ಮಿ ಕೆಮ್ಮಿ ಮಗ್ಗದ ಮುಂದೆ ನಿಲ್ಲಲಾಗದೆ ಹೋಗಿದ್ದ ದೊಡ್ಡಕ್ಕನ ಗಂಡನನ್ನು. ಎಲ್ಲರೂ ಹೊಸ ಮ್ಯಾನೇಜರನನ್ನು ಹೊಗಳಿದರು. ಎದೆ ಕೆಟ್ಟವನಿಗೆ ಮೇಲೆ ಒಳ್ಳೆಯ ಗಾಳಿ, ಕೂತು ಮಾಡುವ ಕೆಲಸ. ಓಣಿ ಅವನಿಗೆ ದುರ್ಬೀನಣ್ಣ ಎಂದು ಹೆಸರಿಟ್ಟಿತು. ದೊಡ್ಡಕ್ಕ ಹೆಮ್ಮೆಯಿಂದಲೇ ದಿನಾ ಬೆಳಿಗ್ಗೆ ಅವನ ಊಟದ ಡಬ್ಬಿ ಕಟ್ಟುತ್ತಿದ್ದಳು.

ಅವಳ ಕಣ್ಣನ್ನು ಗುಡ್ಡದ ಕಡೆ ತಿರುಗಿಸಿದ್ದು ಒಂದು ಬೆಂಕಿ.

ಏಳು ಜನರ ಕೆಲಸ ಹೋಗಿ ವಾರ ಕಳೆದಿತ್ತು. ಗುಡ್ಡದ ಆಚೆ ಬದಿಯ ಒಣಹುಲ್ಲಿಗೆ ಬೆಂಕಿ ಬಿದ್ದು ಮಧ್ಯಾಹ್ನವಿಡೀ ಉರಿಯಿತು. ಗಿರಣಿಯ ಅಂಗಳದಿಂದಲೇ ಹೊಗೆ ಕಾಣುತ್ತಿತ್ತು. ದನ ಮೇಯಿಸುವವರು ಸೊಪ್ಪಿನಿಂದ ಬಡಿದು ಆರಿಸಿದರು. ಗೋಪುರದ ಗಂಟೆ ಮಾತ್ರ ಕೇಳಲಿಲ್ಲ.

"ದುರ್ಬೀನಣ್ಣ ಗೊರಕೆ ಹೊಡೀತಿದ್ನಾ ದೊಡ್ಡಕ್ಕ?" ಎಂದಳು ಮೈಕು. "ಮೂಗಿನ ಕೆಳಗೆ ಬೆಂಕಿ ಬಿದ್ರೂ ಏಳಲಿಲ್ಲ ಪುಣ್ಯಾತ್ಮ."

ನಲ್ಲಿಯ ಹತ್ತಿರ ಬಹಳ ದಿನಗಳ ಮೇಲೆ ಎಲ್ಲರೂ ನಕ್ಕರು. ದೊಡ್ಡಕ್ಕ ನಗಲಿಲ್ಲ. ರಾತ್ರಿ ಮಲಗಿದರೇ ಕೆಮ್ಮು ಎಬ್ಬಿಸಿ ಕೂರಿಸುವ ಮನುಷ್ಯ ಹಗಲು ಕುರ್ಚಿಯಲ್ಲಿ ಗೊರಕೆ ಹೊಡೆಯುವುದುಂಟೆ? ಅವನು ಎಚ್ಚರವಾಗಿಯೇ ಇದ್ದ. ಎಚ್ಚರವಾಗಿದ್ದವನಿಗೆ ಬೆನ್ನ ಹಿಂದಿನ ಬೆಂಕಿ ಕಾಣಲಿಲ್ಲವೆಂದರೆ ಅವನು ನೋಡುತ್ತಿದ್ದದ್ದು ಎಲ್ಲಿ?

ವಾರದ ರಜೆಯ ದಿನ ಅವಳು ಅವನ ಡಬ್ಬಿಯನ್ನು ಬೇಕೆಂದೇ ಪಾತ್ರೆಗಳ ಹಿಂದೆ ಬಚ್ಚಿಟ್ಟಳು. ಅವನು ಹುಡುಕಿ ಬೇಸತ್ತು ಬರಿಗೈಲಿ ಹೋದ. ಹೊತ್ತೇರಿದ ಮೇಲೆ ಡಬ್ಬಿ ಹಿಡಿದು ಗುಡ್ಡ ಹತ್ತಿದಳು. ಕೆಳಗಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೆಟ್ಟಿಲ ತುದಿಗೆ ಅವಳ ತಲೆ ಕಂಡದ್ದೇ ಅವನು ಧಡಕ್ಕನೆ ಎದ್ದು ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿದ.

"ನೀನ್ಯಾಕೆ ಬಂದೆ? ಬೇರೆಯೋರು ಇಲ್ಲಿಗೆ ಹತ್ತಬಾರದು."

"ನಾನು ಬೇರೆಯೋಳಾ? ಉಪವಾಸ ಇರ್ತೀರಲ್ಲ ಅಂತ ಬಂದೆ."

"ಇಟ್ಟು ಹೋಗು."

ಅವಳು ಹೋಗಲಿಲ್ಲ. ಉಸಿರು ಸುಧಾರಿಸಿಕೊಳ್ಳುವ ನೆಪದಲ್ಲಿ ಸುತ್ತ ನೋಡಿದಳು. ಕಾಡಿನ ಕಡೆಯ ಕಿಟಕಿಯ ಚಿಲಕಕ್ಕೆ ತುಕ್ಕು ಹಿಡಿದಿತ್ತು. ಉಗ್ರಾಣದ ಕಡೆಯದಕ್ಕೆ ಜೇಡರ ಬಲೆ ಕಟ್ಟಿ ಅದರಲ್ಲಿ ಹಳೆಯ ನೊಣಗಳು ಒಣಗಿದ್ದವು. ಹುಲ್ಲು ಸುಟ್ಟ ಬದಿಯ ಕಿಟಕಿಗೆ ಹಲಗೆ ಒರಗಿಸಿ ಅವನು ತನ್ನ ಹಳೆಯ ಕೋಟು ನೇತುಹಾಕಿದ್ದ. ಓಣಿಯ ಕಡೆಯ ಕಿಟಕಿ ಒಂದೇ ಹೊಳೆಯುವಂತೆ ಒರೆಸಿಟ್ಟಿತ್ತು. ದುರ್ಬೀನಿನ ಮೂರು ಕಾಲುಗಳು ಅದರ ಮುಂದೆ ನೆಲದಲ್ಲಿ ಗುಳಿ ಬೀಳಿಸಿಕೊಂಡಿದ್ದವು.

"ಇಲ್ಲಿಂದ ಏನು ಕಾಣುತ್ತೆ?"

"ಹೊಗೆ."

"ಓಣಿಯದಾ?"

"ಒಲೆ ಇರೋದು ಅಲ್ಲೇ ಅಲ್ವಾ? ಬೆಂಕಿ ಬೀಳೋದೂ ಅಲ್ಲೇ."

ಮಾತು ಸರಿಯಾಗೇ ಇತ್ತು. ಅದು ಅಷ್ಟು ಸರಿಯಾಗಿ, ಅಷ್ಟು ಬೇಗ ಬಂದದ್ದೇ ಅವಳಿಗೆ ಸರಿಬೀಳಲಿಲ್ಲ. ಬರಿಗಣ್ಣಿಗೆ ಓಣಿ ಕಡ್ಡಿಪೆಟ್ಟಿಗೆಗಳನ್ನು ಜೋಡಿಸಿಟ್ಟಂತೆ ಕಂಡಿತು, ಜನ ಇರುವೆಗಳಂತೆ.

"ನಾನೊಂದು ಸಲ ನೋಡ್ಲಾ ಇದರಲ್ಲಿ?"

"ಬೇಡ. ಗಾಜು ಹಾಳಾದ್ರೆ ನನ್ನ ಕುತ್ತಿಗೆಗೆ ಬರುತ್ತೆ" ಎಂದು ಅವನು ದುರ್ಬೀನಿಗೂ ಅವಳಿಗೂ ನಡುವೆ ಬಂದು ನಿಂತ.

ಇಳಿಯುವಾಗ ಅವಳ ಕಾಲು ಪ್ರತಿ ಮೆಟ್ಟಿಲಲ್ಲೂ ತಡೆಯುತ್ತಿತ್ತು. ಇವನೂ ನೇಕಾರ. ಅವಳಿಗಿಂತ ಮೊದಲೇ ಗಿರಣಿ ಸೇರಿದವನು. ಶೆಡ್ಡಿನ ಈ ತುದಿಯಿಂದ ಆ ತುದಿಯ ತುಟಿಯನ್ನು ಓದುತ್ತಿದ್ದವನು. ಅವರ ಮದುವೆಯ ಮಾತನ್ನು ಅವನು ಅವಳಿಗೆ ಮೊದಲು ಹೇಳಿದ್ದು ಹಾಗೆಯೇ, ಮಗ್ಗಗಳ ನಾಲ್ಕು ಸಾಲಿನಾಚೆಯಿಂದ. ಸಿಪಾಯಿಗೆ ತುಟಿಮಾತು ಬರುತ್ತಿರಲಿಲ್ಲ. ಇವನಿಗೆ ಬರುತ್ತದೆ. ಹೊಗೆ ನೋಡಲು ಕಣ್ಣಿದ್ದ ಯಾರಾದರೂ ಸಾಕಿತ್ತು. ಹಾಗಿರುವಾಗ ನೇಕಾರನನ್ನೇ ಹುಡುಕಿದ್ದೇಕೆ?

ಅನುಮಾನ ಒಂದು ಸಲ ಮನೆಯೊಳಗೆ ಬಂದರೆ ಅದು ತಟ್ಟೆಯ ಮುಂದೆಯೂ ಕೂರುತ್ತದೆ, ಹಾಸಿಗೆಯಲ್ಲೂ ಮಲಗುತ್ತದೆ. ಎರಡು ದಿನ ಅವಳು ಅವನಿಗೆ ಬಡಿಸಿದಳು, ಬೆನ್ನು ನೀವಿದಳು, ಒಂದು ಮಾತನ್ನೂ ಕೇಳಲಿಲ್ಲ. ಕೇಳಿದರೆ ಅವನು ಇಲ್ಲವೆನ್ನುತ್ತಾನೆ. ತಾನು ನಂಬಬೇಕಾಗುತ್ತದೆ. ನಂಬಲು ಅವಳಿಗೂ ಆಸೆಯಿತ್ತಲ್ಲ, ಅದೇ ಅವಳಿಗೆ ಹೆದರಿಕೆ.

ಮೂರನೆಯ ದಿನ ಹೊಟ್ಟೆನೋವೆಂದು ಹೇಳಿ ಮಧ್ಯಾಹ್ನವೇ ಪಾಳಿಯಿಂದ ಬಂದಳು. ಓಣಿ ಖಾಲಿಯಿತ್ತು. ಒಗೆದ ಬಟ್ಟೆಯ ಬುಟ್ಟಿ ತಂದು ತಂತಿಯ ಮುಂದೆ ಗುಡ್ಡಕ್ಕೆ ಮುಖ ಮಾಡಿ ನಿಂತಳು. ಒಂದು ಅಂಗಿ ಕೊಡವಿ ಹರವಿದಳು. ಆಮೇಲೆ, ಎದುರಿಗೆ ಯಾರೋ ಇದ್ದಾರೆಂಬಂತೆ, ತುಟಿಯನ್ನು ಚೆನ್ನಾಗಿ ಅಗಲಿಸಿ, ಒಂದಿಷ್ಟೂ ಸದ್ದಿಲ್ಲದೆ ಆಡಿದಳು:

ಮಗಳ ಕೈ ಯಂತ್ರಕ್ಕೆ ಸಿಕ್ಕಿತಂತೆ. ಗಿರಣಿಯ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದಾರಂತೆ.

ಇನ್ನೊಂದು ಬಟ್ಟೆ ಹರವಿ ಅದನ್ನೇ ಮತ್ತೊಮ್ಮೆ ಆಡಿದಳು. ಮಗಳು ನೂಲು ಸುತ್ತುವ ಖಾತೆಯಲ್ಲಿ ಯಾವ ಗಾಯವೂ ಇಲ್ಲದೆ ಕೆಲಸ ಮಾಡುತ್ತಿದ್ದಳು. ಹೆತ್ತವಳ ಬಾಯಿಂದ ಇಂಥ ಮಾತು ಬಂದದ್ದಕ್ಕೆ ದೊಡ್ಡಕ್ಕ ಸೆರಗಿನಿಂದ ತುಟಿ ಒರೆಸಿಕೊಂಡಳು. ಅವನು ಬಾರದಿದ್ದರೆ ಮನಸ್ಸಿನಲ್ಲೇ ಅವನ ಕಾಲಿಗೆ ಬಿದ್ದು ತಪ್ಪಾಯಿತೆನ್ನುತ್ತೇನೆ ಎಂದುಕೊಂಡು ಬುಟ್ಟಿಯನ್ನು ಅಲ್ಲೇ ಬಿಟ್ಟು ಆಸ್ಪತ್ರೆಯ ಕಡೆ ನಡೆದಳು.

ಗಿರಣಿಯ ಆಸ್ಪತ್ರೆಯೆಂದರೆ ಒಂದು ಕೋಣೆ, ಒಂದು ಬೆಂಚು, ಬ್ಯಾಂಡೇಜು ಕತ್ತರಿಸುತ್ತ ಕೂತ ಒಬ್ಬ ಕಾಂಪೌಂಡರ್. ಅವಳು ಬೆಂಚಿನ ಮೇಲೆ ಕೂತಳು. ಕಾಂಪೌಂಡರ್ ಹುಬ್ಬೇರಿಸಿದ, ಸ್ವಲ್ಪ ಸುಧಾರಿಸಿಕೊಳ್ತೀನಿ ಅಂದಳು. ಬರಬೇಡಿ ಮಾರಾಯ್ರೇ, ಬರಬೇಡಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಅವನು ಬಂದ. ಗುಡ್ಡದ ದಾರಿಯ ಕೆಂಧೂಳು ಮೊಳಕಾಲಿನವರೆಗೆ, ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲ. ಎದೆ ಒಡೆದುಹೋಗುವಂತೆ ಏದುಸಿರು. ಬಾಗಿಲಿನ ಚೌಕಟ್ಟು ಹಿಡಿದು, ಧ್ವನಿ ಹೊರಡದೆ, ತುಟಿಯಲ್ಲೇ ಕೇಳಿದ: ಮಗಳೆಲ್ಲಿ?

ದೊಡ್ಡಕ್ಕ ಎದ್ದು ನಿಂತಳು. "ಯಾರು ಹೇಳಿದ್ರು ನಿಮಗೆ?"

"ಅವಳೆಲ್ಲಿ, ಕೈ ಏನಾಯ್ತು..."

"ಕೈಗೇನೂ ಆಗಿಲ್ಲ. ಕೈ ಅಂತ ಯಾರು ಹೇಳಿದ್ರು ನಿಮಗೆ?"

"ದಾರೀಲಿ... ಗೇಟಿನೋನು."

"ಗೇಟಿನೋನಿಗೆ ಯಾರು ಹೇಳಿದ್ರು? ಈ ಮಾತು ಆಡಿದೋಳು ನಾನೊಬ್ಬಳೇ. ಕೇಳಿಸ್ಕೊಂಡಿದ್ದು ಒದ್ದೆ ಬಟ್ಟೆ."

ಅವನ ಮುಖದಲ್ಲಿದ್ದ ತಂದೆಯ ದಿಗಿಲು ಮೊದಲು ಸಮಾಧಾನವಾಯಿತು. ಆಮೇಲೆ ಆ ಸಮಾಧಾನವೂ ಸೋರಿಹೋಗಿ ಬರೀ ಬಿಳಿಚಿದ ಚರ್ಮ ಉಳಿಯಿತು.

"ಯಾರಿಗಮ್ಮ ಹುಷಾರಿಲ್ಲ?" ಎಂದ ಕಾಂಪೌಂಡರ್.

"ಯಾರಿಗೂ ಏನಿಲ್ಲ ಅಣ್ಣ. ಬಂದ ಕೆಲಸ ಆಯ್ತು" ಎಂದು ಅವಳು ಹೊರಗೆ ನಡೆದಳು.

ಮನೆಯಲ್ಲಿ ಅವನು ಗೋಡೆಗೆ ಒರಗಿ ಕೂತು ಬಹಳ ಹೊತ್ತು ಕೆಮ್ಮಿದ. ಅವಳು ನೀರು ಕೊಡಲಿಲ್ಲ. ಕೊಡಬೇಕೆಂದು ಕೈ ಎರಡು ಸಲ ಚೊಂಬಿನವರೆಗೆ ಹೋಗಿ ಬಂತು.

"ಮೊದಮೊದಲು ಸುಮ್ನೆ ಕೇಳ್ತಿದ್ರು" ಎಂದ ಅವನು. "ಓಣೀಲಿ ಏನು ಸಮಾಚಾರ ಅಂತ. ಯಾರ ಮನೇಲಿ ಮಗು ಆಯ್ತು, ಯಾರು ಜಗಳ ಆಡಿದ್ರು, ಇಷ್ಟೇ. ನಾನೂ ಹೇಳ್ತಿದ್ದೆ. ಅದರಲ್ಲೇನಿದೆ ಅಂದ್ಕೊಂಡೆ. ಆಮೇಲೆ, ಶೆಡ್ಡಿನ ವಿಚಾರ ಏನಾದ್ರೂ ಆಡ್ತಾರಾ ನೋಡು ಅಂದ್ರು. ಆಗಲ್ಲ ಅಂದ್ರೆ ಮತ್ತೆ ಮಗ್ಗಕ್ಕೆ ಹೋಗು ಅಂದ್ರು. ಆ ಹಬೇಲಿ ನಾನು ಆರು ತಿಂಗಳೂ ಬದುಕೋದಿಲ್ಲ ಕಣೇ. ನಿನಗೂ ಗೊತ್ತು."

"ಅದೇ ಹಬೆ ಬೇಡ ಅಂತ ಅಲ್ವಾ ಅವರು ಕೇಳೋಕೆ ಹೊರಟಿದ್ದು?"

ಅವನು ಕಾಲಿಗೆ ಮೆತ್ತಿದ ಕೆಂಧೂಳನ್ನು ಉಜ್ಜತೊಡಗಿದ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನೀನು ನನ್ನ ಹೆಂಡತಿ."

"ಅವಳು ನಿಮ್ಮ ನಾದಿನಿ."

"ಮೊದಲು ಮಾತು ಎತ್ತಿದ್ದು ಯಾರು ಅಂತ ಕೇಳಿದ್ರು" ಎಂದು ಅವನು ನೆಲ ಕೆರೆಯುತ್ತ ಹೇಳಿದ. "ಯಾರದಾದ್ರೂ ಹೆಸರು ಕೊಡಲೇಬೇಕಿತ್ತು. ನಿನ್ನ ಪಕ್ಕದಲ್ಲಿ ನಿಂತಿದ್ದೋಳು ಅವಳು. ನೀನು ಆಡಿದ್ದನ್ನೇ ಅವಳು ಆಡಿದಳು ಅಂದೆ."

ಇಷ್ಟು ವರ್ಷ ಅವನಿಗೆ ಬಹುವಚನ ಕೊಟ್ಟು ಮಾತಾಡಿದ ನಾಲಿಗೆ ಅಲ್ಲಿಗೆ ತಿರುಗಿತು.

"ಗಿರಣಿ ನಿನ್ನ ಎದೆಗೂಡು ತಿಂತು ಅಂತ ಅಳ್ತಿದ್ದೆ ನಾನು. ಒಳಗಿದ್ದಿದ್ದನ್ನೂ ತಿಂದಿದೆ. ನಾಳೆ ಮೇಲೆ ಹೋಗಬೇಡ."

"ಹೋಗದಿದ್ರೆ ಮನೆ ಹೋಗುತ್ತೆ."

"ತಂಗೀದು ಹೋಗ್ತಾ ಇದೆಯಲ್ಲ."

ತಂಗಿಯ ಮನೆಯಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ದೊಡ್ಡಕ್ಕ ಅವಳನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ, ಕಿವಿಗೆ ಬಾಯಿಟ್ಟು, ಧ್ವನಿಯಲ್ಲೇ ಎಲ್ಲವನ್ನೂ ಹೇಳಿದಳು. ಅಷ್ಟು ವರ್ಷಗಳಲ್ಲಿ ಅಕ್ಕತಂಗಿಯರು ಗುಟ್ಟನ್ನು ಪಿಸುಮಾತಿನಲ್ಲಿ ಆಡಿದ್ದು ಅದೇ ಮೊದಲು. ತಂಗಿ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಲೋಟವನ್ನು ಚೀಲಕ್ಕೆ ಹಾಕುವುದನ್ನು ಮರೆತಳು.

"ಭಾವನಾ?"

"ಹೂಂ."

"ನೀನು ವರ್ಷವಿಡೀ ಅವನ ಪಕ್ಕದಲ್ಲಿ ಮಲಗಿದ್ದೆ. ಗೊತ್ತಾಗ್ಲಿಲ್ಲ ಅಂತೀಯ."

"ನಿನ್ನಾಣೆ ಗೊತ್ತಾಗ್ಲಿಲ್ಲ ಕಣೇ."

"ಗೊತ್ತಾಗ್ಲಿಲ್ವೋ, ಗೊತ್ತಾಗೋದು ಬೇಡವಾಗಿತ್ತೋ?" ತಂಗಿ ಲೋಟವನ್ನು ಚೀಲಕ್ಕೆ ಎಸೆದಳು. "ಅವನು ಹೇಳಿ ಕೆಡಿಸಿದ, ನೀನು ಈಗ ಹೇಳಿ ಒಳ್ಳೆಯವಳಾಗ್ತಿದ್ದೀಯ. ನನ್ನ ಮನೆ ಖಾಲಿ ಆದ ಮೇಲೆ. ಹೋಗಕ್ಕ. ಹೋಗು."

ಸುದ್ದಿಯನ್ನು ಮಾತ್ರ ತಂಗಿ ಹರಡದೆ ಬಿಡಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಇಡೀ ಓಣಿ ಬಾಯಿಗೆ ಕೈ ಅಡ್ಡ ಹಿಡಿದಿತ್ತು. ಕೆಲವರು ಹೆಗಲ ಮೇಲಿನ ಟವೆಲನ್ನು ಮೂಗಿನವರೆಗೆ ಎಳೆದುಕೊಂಡರು. ಮೈಕು ಪಾತ್ರೆಯ ಮುಚ್ಚಳವನ್ನೇ ಹಿಡಿದು ಓಡಾಡಿದಳು. ಅವಳ ಬಾಯಿಗೆ ಅಂಗೈ ಸಾಲದೆಂದು ಯಾರೋ ಹಂಗಿಸಿದ್ದಕ್ಕೆ "ನಿನ್ನ ಬುದ್ಧಿಗೆ ಬೆರಳೇ ಸಾಕು, ಇಟ್ಕೋ" ಎಂದಳು. ಎಷ್ಟೋ ಜನ ಗುಡ್ಡಕ್ಕೆ ಬೆನ್ನು ಮಾಡಿ ನಿಲ್ಲುವುದನ್ನು ಕಲಿತರು. ತಾವೇ ಹೊತ್ತು ಕಟ್ಟಿದ ಗೋಪುರಕ್ಕೆ ಓಣಿಯ ಬೆನ್ನು ಬಿದ್ದದ್ದು ಆ ದಿನ. ಇಂದಿಗೂ ಆ ಊರಿನಲ್ಲಿ ಮುದುಕಿಯರು ಮಾತಾಡುವಾಗ ಬಾಯಿಗೆ ಕೈ ಅಡ್ಡ ತರುತ್ತಾರೆ. ಅದು ನಾಚಿಕೆಯೆಂದು ಹೊರಗಿನವರು ತಿಳಿಯುತ್ತಾರೆ.

ದೊಡ್ಡಕ್ಕ ನಲ್ಲಿಗೆ ಬಂದರೆ ಕೈಗಳು ಇನ್ನಷ್ಟು ಬಿಗಿಯಾಗುತ್ತಿದ್ದವು. ಸುದ್ದಿ ತಂದವಳು ಅವಳೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದು ಕೂಡ ಮ್ಯಾನೇಜರನ ಹೊಸ ಆಟವಿರಬಹುದೆಂದು ಯಾರೋ ಹೇಳಿದ್ದರು. ಹೇಳಿದವರು ಯಾರೆಂದು ಗೊತ್ತಿರಲಿಲ್ಲ, ನಂಬಲು ಅದೇನೂ ಅಡ್ಡಿಯಾಗಲಿಲ್ಲ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಮೇಸ್ತ್ರಿ ಬಂದು ಅವಳ ಮಗ್ಗ ನಿಲ್ಲಿಸಿದ. "ಮ್ಯಾನೇಜರ್ ಸಾಹೇಬ್ರು ಕರೀತಾರೆ. ಆಫೀಸಿಗಲ್ಲ. ಗುಡ್ಡಕ್ಕೆ."

ಗೋಪುರದ ಮೇಲೆ ಮ್ಯಾನೇಜರ್ ಇಸ್ತ್ರಿ ಮುರಿಯದ ಅಂಗಿಯಲ್ಲಿ ನಿಂತಿದ್ದ. ಎತ್ತಿದ ಧ್ವನಿಯಲ್ಲಿ ಮಾತಾಡುವ ಮನುಷ್ಯನಲ್ಲ. ಮೂಲೆಯಲ್ಲಿ ಅವಳ ಗಂಡ ಕೈಕಟ್ಟಿ ನಿಂತಿದ್ದ.

"ಬಾಮ್ಮ. ನಿನ್ನ ಗಂಡನಿಗೆ ಕಣ್ಣು ಮಂಜಾಗಿದೆಯಂತೆ. ಒಂದೇ ವಾರದಲ್ಲಿ. ಏನೂ ಕಾಣೋದೇ ಇಲ್ಲವಂತೆ."

ದೊಡ್ಡಕ್ಕ ಗಂಡನ ಕಡೆ ನೋಡಿದಳು. ಅವನ ಕಣ್ಣು ಅವಳನ್ನು ನೆಟ್ಟಗೆ ನೋಡಿತು. ಅದರಲ್ಲಿ ಮಂಜೇನೂ ಇರಲಿಲ್ಲ. ಅಷ್ಟಾದರೂ ಮಾಡಿದನಲ್ಲ ಎಂದು ಅವಳಿಗೆ ಅನಿಸಿತು. ತಡವಾಗಿ ಮಾಡಿದ ಎಂದೂ ಅನಿಸಿತು.

"ನಿನ್ನ ಕಣ್ಣು ಚೆನ್ನಾಗಿದೆ ಅಂತ ಮೇಸ್ತ್ರಿ ಹೇಳ್ತಾನೆ" ಎಂದ ಮ್ಯಾನೇಜರ್. "ಇಲ್ಲಿ ಗಾಳಿ ಚೆನ್ನಾಗಿದೆ, ಹಬೆಯಿಲ್ಲ, ಧೂಳಿಲ್ಲ. ನಿನ್ನ ತಂಗಿ ಇವತ್ತು ಮನೆ ಬಿಡ್ತಾ ಇದ್ದಾಳೆ ಅಲ್ವಾ? ಬಿಡಬೇಕಾಗಿಲ್ಲ. ನಾಳೆಯಿಂದ ಅವಳು ಮತ್ತೆ ಮಗ್ಗಕ್ಕೆ ಬರಬಹುದು. ನಿನ್ನ ಮಗಳಿಗೆ ಆಫೀಸಿನಲ್ಲಿ ಕೂತು ಮಾಡೋ ಕೆಲಸ ಕೊಡಿಸೋಣ. ಜನ ಬಾಯಿ ಮುಚ್ಕೊಂಡು ಎಷ್ಟು ದಿನ ಇರ್ತಾರೆ? ಕೈ ಸೋತು ಬಿಡ್ತಾರೆ. ಒಂದು ಸಲ ನೋಡು, ಸುಮ್ನೆ."

ಅವನೇ ದುರ್ಬೀನಿನ ಮುಚ್ಚಳ ತೆಗೆದ. ಅವಳು ಬಾಗಿ ಕಣ್ಣಿಟ್ಟಳು.

ಓಣಿ ಅವಳ ಮುಖಕ್ಕೇ ಹಾರಿ ಬಂತು. ಚರಂಡಿಯ ನೊರೆ, ತನ್ನ ಬಾಗಿಲಿನ ಬಣ್ಣ ಕಿತ್ತ ಜಾಗ, ತಂತಿಯ ಮೇಲೆ ತಾನೇ ಹರವಿದ ಬಟ್ಟೆಯ ಹೊಲಿಗೆ. ಇಷ್ಟು ಹತ್ತಿರವೇ? ವರ್ಷವಿಡೀ ಇಲ್ಲಿಂದ ನಮ್ಮ ಹಲ್ಲುಗಳನ್ನು ಎಣಿಸುತ್ತಿದ್ದರು.

ತಂಗಿಯ ಮನೆಯ ಮುಂದೆ ತಳ್ಳುಗಾಡಿ ನಿಂತಿತ್ತು. ತಂಗಿಯೂ ಮೂಲೆಮನೆಯ ಮುದುಕನೂ ಕಬ್ಬಿಣದ ಟ್ರಂಕನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತರುತ್ತಿದ್ದರು. ಮುಚ್ಚಳ ಹಿಡಿದ ಮೈಕು ಎದುರಿಗೆ ನಿಂತಿದ್ದಳು. ತಂಗಿಗೆ ಬಾಯಿ ಮುಚ್ಚಲು ಕೈ ಬಿಡುವಿರಲಿಲ್ಲ. ಅವಳ ತುಟಿಗಳು ಆಡಿದವು. ದೊಡ್ಡಕ್ಕನೇ ಕಲಿಸಿದ ತುಟಿಗಳು. ಒಂದು ಪದವೂ ಮಸುಕಾಗಿರಲಿಲ್ಲ.

ಅಕ್ಕ ಮೇಲೆ ಹತ್ತಿದ್ದನ್ನ ನಾನೇ ನೋಡಿದೆ. ಅವಳನ್ನ ನಂಬಬೇಡಿ. ಸೋಮವಾರ ನಿಮ್ಮ ಗಂಜಿ ಖಾತೆಯೋರೂ ಕೆಲಸ ನಿಲ್ಲಿಸ್ತಾರೆ ಅನ್ನೋದು ಅವಳ ಕಿವಿಗೆ ಬೀಳಬಾರದು.

ಟ್ರಂಕು ಗಾಡಿಯ ಮೇಲೆ ಕೂತಿತು. ತಂಗಿ ಬೆವರು ಒರೆಸಿಕೊಂಡು, ಮರೆತಿದ್ದು ನೆನಪಾದವಳಂತೆ, ಬಾಯಿಗೆ ಅಂಗೈ ಅಡ್ಡ ತಂದಳು.

"ಕಾಣ್ತಾ?" ಎಂದ ಮ್ಯಾನೇಜರ್, ಅವಳ ಕಿವಿಯ ಪಕ್ಕದಲ್ಲೇ. "ಯಾರು ಮಾತಾಡ್ತಿದ್ದಾರೆ?"

"ನನ್ನ ತಂಗಿ."

"ಏನಂತಾಳೆ?"

ಮೂಲೆಯಲ್ಲಿ ಗಂಡನ ಕೆಮ್ಮು ನಿಂತುಹೋಯಿತು. ಅವಳು ದುರ್ಬೀನಿನಿಂದ ಕಣ್ಣು ತೆಗೆದು ನೆಟ್ಟಗೆ ನಿಂತಳು.

"ಸರಿಯಾಗಿ ಕಾಣಿಸ್ಲಿಲ್ಲ ಅನ್ಸುತ್ತೆ. ಇನ್ನೊಂದು ಸಲ ನೋಡಿ ಹೇಳು. ನಿನ್ನ ತಂಗಿ ಮನೆ ವಿಚಾರ ಇದು."

"ಸರಿಯಾಗೇ ಕಾಣಿಸ್ತು ಸಾಹೇಬ್ರೇ, ಒಂದೊಂದು ಮಾತೂ" ಎಂದಳು ದೊಡ್ಡಕ್ಕ. "ಹೇಳೋದಿಲ್ಲ."